ಊರಿನ ಕೆಲಸ ಮಾಡುವವರಿಗೆ ಮಾತ್ರ ರಜೆ ಇಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಕುಟುಂಬ ಮತ್ತು ವೈದ್ಯಕೀಯ ರಜೆಗೆ ಹಣ ಕೊಡುವ ಕಾನೂನು 2018ರಲ್ಲೇ ಬಂತು. 2021ರಿಂದ ಹಣವೂ ಸಿಗುತ್ತಿದೆ. ಮಗು ಹುಟ್ಟಿದರೆ 12 ವಾರ, ಸ್ವಂತ ಕಾಯಿಲೆಗೆ 20 ವಾರದವರೆಗೆ. ಪೂರ್ತಿ ಸಂಬಳ ಅಂತಲ್ಲ, ಆದರೆ ಮನೆ ನಡೆಯುತ್ತದೆ.

ಖಾಸಗಿ ಕಂಪನಿಯವರಿಗೆ ಇದು ಉಂಟು. ರಾಜ್ಯ ಸರ್ಕಾರದ ನೌಕರರಿಗೂ ಉಂಟು. ನಗರ, ಪಟ್ಟಣಗಳ ಆಡಳಿತದಲ್ಲಿ ದುಡಿಯುವವರಿಗೆ ಮಾತ್ರ ತಾನಾಗಿ ಸಿಗುವುದಿಲ್ಲ. ಸ್ಥಳೀಯ ಆಡಳಿತ ಮತ ಹಾಕಿ ಒಪ್ಪಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ.

ಯಾರಿವರು? ಬೆಂಕಿ ಆರಿಸುವವರು, ಶಾಲೆಯ ಮೇಷ್ಟ್ರುಗಳು, ನಡುರಾತ್ರಿ ಎದ್ದು ರಸ್ತೆಯ ಹಿಮ ತೆಗೆಯುವವರು. ಅವರ ಮನೆಯಲ್ಲೂ ಮಗು ಹುಟ್ಟುತ್ತದೆ, ಅವರ ತಾಯಿಗೂ ಕ್ಯಾನ್ಸರ್ ಬರುತ್ತದೆ ಅಲ್ವಾ? 1993ರ ಅಮೆರಿಕದ ಕೇಂದ್ರ ಕಾನೂನು 12 ವಾರ ರಜೆ ಕೊಡುತ್ತದೆ ನಿಜ, ಆದರೆ ಸಂಬಳವಿಲ್ಲದೆ. ಬಾಡಿಗೆ ಕಟ್ಟಬೇಕಾದವರು ಅಂಥ ರಜೆ ತೆಗೆದುಕೊಂಡು ಏನು ಮಾಡಬೇಕು?

ಪಟ್ಟಣಗಳ ಕಷ್ಟವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಒಪ್ಪಿಕೊಂಡರೆ ಈ ರಜೆಯ ಹಣಕ್ಕೆ ಅವೂ ವಂತಿಗೆ ಕಟ್ಟಬೇಕು. 1980ರಲ್ಲಿ ಜನರೇ ಮತ ಹಾಕಿ ತಂದ ನಿಯಮದ ಪ್ರಕಾರ ಆಸ್ತಿ ತೆರಿಗೆಯ ಒಟ್ಟು ಮೊತ್ತವನ್ನು ವರ್ಷಕ್ಕೆ ಶೇ 2.5ಕ್ಕಿಂತ ಜಾಸ್ತಿ ಏರಿಸುವುದು ಸುಲಭವಲ್ಲ. ಹೊಸ ಕಟ್ಟಡಗಳ ಲೆಕ್ಕ ಬೇರೆ. ಹಾಗಾಗಿ ಮತಕ್ಕೆ ಬಿಟ್ಟರೆ ಬಡ ಪಟ್ಟಣಗಳು ಹಿಂದೆ ಸರಿಯುವುದು ಸಹಜ. ಆಯ್ಕೆಯನ್ನು ತೆಗೆದು ಎಲ್ಲರನ್ನೂ ಕಾನೂನಿನೊಳಗೆ ತರಲಿ. ಮೊದಲ ಕೆಲವು ವರ್ಷ ಪಟ್ಟಣಗಳ ಪಾಲಿನ ವಂತಿಗೆಯಲ್ಲಿ ಒಂದಿಷ್ಟನ್ನು ರಾಜ್ಯವೇ ಕಟ್ಟಲಿ.

– ಓದುಗ