ಬ್ಲ್ಯಾಕ್ ಫ್ರೈಡೇಗೆ ಮೊದಲೇ ಪಟ್ಟಿ ಮಾಡ್ಕೋ

ಪ್ರೀತಿಯ ಗೆಳೆಯಾ,

ಡಿಸೆಂಬರ್‌ನಲ್ಲಿ ಊರಿಗೆ ಹೊರಟಿದ್ದೀಯ, ಬ್ಲ್ಯಾಕ್ ಫ್ರೈಡೇಲಿ ಏನೇನು ಕೊಳ್ಳಲಿ ಅಂತ ಕೇಳಿದ್ದೀಯ. ಆವತ್ತು ಯೋಚಿಸೋಣ ಅಂತ ಕೂತ್ರೆ ಕೆಟ್ಟೆ. ನವೆಂಬರ್‌ನ ನಾಲ್ಕನೇ ಗುರುವಾರ ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬ, ಮಾರನೇ ದಿನದ ದೊಡ್ಡ ಸೇಲೇ ಬ್ಲ್ಯಾಕ್ ಫ್ರೈಡೇ. 2026ರಲ್ಲಿ ನವೆಂಬರ್ 27. ಪಟ್ಟಿ ಅಕ್ಟೋಬರ್‌ನಲ್ಲೇ ಆಗಿರಲಿ. ಸಾಮಾನಿನ ಹೆಸರಷ್ಟೇ ಸಾಲದು, ಮಾಡೆಲ್ ನಂಬರ್ ಪೂರ್ತಿ ಬರ್ಕೋ, ಪಕ್ಕದಲ್ಲಿ ನೀನು ಕೊಡೋ ಗರಿಷ್ಠ ಬೆಲೆ.

ನಮ್ಮ ಎಂಆರ್‌ಪಿ ಲೆಕ್ಕ ಇಲ್ಲಿ ಮರೆತುಬಿಡು. ಗೀಟು ಹೊಡೆದು ತೋರಿಸೋ ‘ಲಿಸ್ಟ್ ಪ್ರೈಸ್’ಗೆ ಆ ಥರದ ಕಾನೂನಿನ ಮಿತಿ ಇಲ್ಲ, ಹಾಗಾಗಿ ಅದರ ಮೇಲಿನ 60% ಆಫ್ ನಂಬೋ ಹಾಗಿಲ್ಲ. ಅಮೆಜಾನ್ ಸಾಮಾನಾದ್ರೆ ಹಳೇ ಬೆಲೆ ತೋರಿಸೋ ಕೀಪಾ ಅಥವಾ ಕ್ಯಾಮಲ್‌ಕ್ಯಾಮಲ್‌ಕ್ಯಾಮಲ್ ಸೈಟಲ್ಲಿ ವರ್ಷದ ಬೆಲೆ ಗ್ರಾಫ್ ನೋಡು. ಅಮೆಜಾನ್‌ನ ಪ್ರೈಮ್ ಡೇ ಸೇಲ್‌ನಲ್ಲೇ ಅಷ್ಟಕ್ಕೆ ಇಳಿದಿತ್ತು ಅಂದ್ರೆ ಅದೇ ನಿನ್ನ ಗುರಿ ಬೆಲೆ. ನೀನಿರೋ ನ್ಯೂಜೆರ್ಸಿಯಲ್ಲಿ ಅದರ ಮೇಲೆ 6.625% ಟ್ಯಾಕ್ಸ್ ಸೇರಿಸ್ಕೋ. ಬಟ್ಟೆಗೆ ಟ್ಯಾಕ್ಸ್ ಇಲ್ಲ, ಹಾಗಾಗಿ ಬಟ್ಟೆ ಕೊಳ್ಳೋಕೆ ಸೇಲ್ಸ್ ಟ್ಯಾಕ್ಸೇ ಇಲ್ಲದ ಡೆಲವೇರ್ ರಾಜ್ಯದವರೆಗೆ ಟೋಲ್ ಕಟ್ಕೊಂಡು ಹೋಗೋದು ಶುದ್ಧ ದಂಡ.

ಇನ್ನು ಕರೆಂಟಿನ ವಿಚಾರ, ಹೆಚ್ಚಿನವರು ಎಡವೋದೇ ಇಲ್ಲಿ. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಜ್. ಊರಲ್ಲಿ 230 ವೋಲ್ಟ್, 50 ಹರ್ಟ್ಜ್. ಚಾರ್ಜರ್ ಮೇಲಿನ ಸಣ್ಣಕ್ಷರ ಓದು: ಇನ್‌ಪುಟ್ 100–240 ಅಂತಿದ್ರೆ ಪಿನ್ ಬದಲಾಯಿಸಿದ್ರೆ ಸಾಕು. ಲ್ಯಾಪ್‌ಟಾಪ್, ಕ್ಯಾಮೆರಾಕ್ಕೆಲ್ಲ ಸಾಮಾನ್ಯವಾಗಿ ಹಾಗೇ ಇರುತ್ತೆ. ಬರೀ 120 ಅಂತಿದ್ರೆ ಅಂಗಡಿಯಲ್ಲೇ ಇಟ್ಟು ಬಾ. 1500 ವ್ಯಾಟ್‌ನ ಏರ್‌ಫ್ರೈಯರ್ ಓಡಿಸೋಕೆ ಅದಕ್ಕಿಂತ ಹೆಚ್ಚು ವ್ಯಾಟ್‌ನ ಟ್ರಾನ್ಸ್‌ಫಾರ್ಮರ್ ಬೇಕು, ಅದು ಕಲ್ಲಿನಷ್ಟು ಭಾರ. ಮೇಲಾಗಿ ಅದು ವೋಲ್ಟೇಜ್ ಇಳಿಸುತ್ತೆ, ಹರ್ಟ್ಜ್ ಬದಲಾಯಿಸಲ್ಲ. ಕೆಲವು ಮೋಟರ್‌ಗಳು ನಿಧಾನವಾಗಿ ತಿರುಗಿ ಬಿಸಿಯಾಗ್ತವೆ. ಅಮ್ಮನಿಗೆ ಮಿಕ್ಸರ್ ಬೇಕಿದ್ರೆ ಬೆಂಗಳೂರಲ್ಲೇ ಕೊಡಿಸು.

ಮೊಬೈಲ್ ಕಂಪನಿಗಳ ‘ಫ್ರೀ ಫೋನ್’ ಆಫರ್‌ಗಳು ಬೇಡ. ದುಡ್ಡು 24–36 ತಿಂಗಳ ಬಿಲ್‌ನಲ್ಲಿ ಚೂರುಚೂರಾಗಿ ವಾಪಸ್ ಬರುತ್ತೆ, ಸಾಮಾನ್ಯವಾಗಿ ಪೂರ್ತಿ ಕಟ್ಟೋವರೆಗೂ ಫೋನ್ ಆ ಕಂಪನಿಗೇ ಲಾಕ್. ಅಪ್ಪನಿಗೆ ಒಯ್ಯೋದಾದ್ರೆ ಅನ್‌ಲಾಕ್ ಆಗಿರೋದೇ ತಗೋ. ಐಫೋನ್ 14ರಿಂದೀಚೆಗೆ ಅಮೆರಿಕದ ಮಾಡೆಲ್‌ಗಳಲ್ಲಿ ಸಿಮ್ ಹಾಕೋ ಜಾಗವೇ ಇಲ್ಲ, ಇಸಿಮ್ ಮಾತ್ರ. ಅವರ ಜಿಯೋ ಅಥವಾ ಏರ್‌ಟೆಲ್ ಸಿಮ್ ಅನ್ನು ಇಸಿಮ್‌ಗೆ ಬದಲಾಯಿಸಬೇಕಾಗುತ್ತೆ ಅಂತ ಈಗಲೇ ಹೇಳಿಡು.

ಟಿವಿ ಇಲ್ಲಿನ ಮನೆಗೆ ಮಾತ್ರ. ಊರಿಗೆ ಒಯ್ದರೆ ಕಸ್ಟಮ್ಸ್ ಸುಂಕ ಬೀಳುತ್ತೆ. ಇಲ್ಲಿಗಾದರೂ ಮಾಡೆಲ್ ನಂಬರ್ ಒಂದೊಂದಕ್ಷರವೂ ನೋಡು. ಸೇಲ್‌ಗೆಂದೇ ಮಾಡಿದ ಟಿವಿಗಳಿರ್ತವೆ. ಹೊರಗಿಂದ ಅದೇ ಥರ, ಆದ್ರೆ ಎಚ್‌ಡಿಎಂಐ ಪೋರ್ಟ್ ಒಂದು ಕಮ್ಮಿ ಇರಬಹುದು, ಪ್ಯಾನೆಲ್ ಸಾಧಾರಣದ್ದಿರಬಹುದು.

ಆ ವಾರಾಂತ್ಯದಲ್ಲಿ ಎಷ್ಟೋ ಅಂಗಡಿಗಳು ಪ್ರೈಸ್ ಮ್ಯಾಚ್ ನಿಲ್ಲಿಸಿರ್ತವೆ, ಬೇರೆ ಕಡೆಯ ಬೆಲೆ ತೋರಿಸಿ ಉಪಯೋಗವಿಲ್ಲ. ರಿಟರ್ನ್ ಗಡುವು ಮಾತ್ರ ಬಹಳ ಕಡೆ ಜನವರಿವರೆಗೆ ಇರುತ್ತೆ, ಆದ್ರೆ ಆಗ ನೀನು ಊರಲ್ಲಿರ್ತೀಯ. ಅದಕ್ಕೇ ಸಾಮಾನು ಕೈಗೆ ಬಂದ ದಿನವೇ ಡಬ್ಬ ಬಿಚ್ಚಿ, ಆನ್ ಮಾಡಿ ನೋಡು. ಬಿಲ್ ಫೋಟೋ ತೆಗೆದಿಟ್ಕೋ, ಕಸ್ಟಮ್ಸ್‌ನಲ್ಲಿ ಕೇಳಿದ್ರೆ ಬೇಕಾಗುತ್ತೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ, ಚೆಕ್-ಇನ್ ಪೆಟ್ಟಿಗೇಲಿ ಬಿಡಲ್ಲ.

ಪಟ್ಟಿ ಆದ ಮೇಲೆ ನನಗೂ ಕಳಿಸು, ವೋಲ್ಟೇಜ್ ಒಂದ್ಸಲ ನೋಡಿ ಹೇಳ್ತೀನಿ.

ಇಂತಿ ನಿನ್ನ ಗೆಳೆಯ