ಡಾಕ್ ಕಾಮೆಂಟ್‌ಗಳನ್ನು ಫಾರ್ಮ್ಯಾಟರ್ ಕೈಗೆ ಕೊಡುವ ಮುಂಚೆ

ಪ್ರೀತಿಯ ಪುಟ್ಟಾ,

ಪ್ರಾಜೆಕ್ಟ್‌ನ ಡಾಕ್ ಕಾಮೆಂಟ್‌ಗಳನ್ನೆಲ್ಲ, ಅಂದರೆ ಕೋಡ್ ಜೊತೆಗೇ ಬರೆದು ಆಮೇಲೆ ಡಾಕ್ಯುಮೆಂಟೇಶನ್ ಪುಟ ಆಗುವ ವಿವರಣೆಗಳನ್ನೆಲ್ಲ, ಒಂದೇ ಏಟಿಗೆ ಫಾರ್ಮ್ಯಾಟ್ ಮಾಡಿಬಿಡುತ್ತೇನೆ ಅಂತ ಬರೆದಿದ್ದೀಯಲ್ಲ, ಖಂಡಿತ ಮಾಡು. ನಾನು ಬೇಡ ಅನ್ನುವವಳಲ್ಲ. ಆದರೆ ಕಮಾಂಡ್ ಓಡಿಸುವ ಮುಂಚೆ ಇಷ್ಟು ಓದಿಕೋ.

ಕೋಡ್‌ಗೆ ಗಟ್ಟಿಯಾದ ವ್ಯಾಕರಣ ಇದೆ. ಫಾರ್ಮ್ಯಾಟರ್, ಅಂದರೆ ಕೋಡಿನ ಜೋಡಣೆ ತಾನಾಗಿ ಸರಿಮಾಡುವ ಟೂಲ್, ಅದರ ರಚನೆಯನ್ನು ಬಿಡಿಸಿ ಓದಿ, ಅರ್ಥ ಕೆಡದ ಹಾಗೆ ಜಾಗ ಸರಿಮಾಡುತ್ತದೆ. ಕಾಮೆಂಟ್ ಹಾಗಲ್ಲ ಕಣೋ. ಅದರಲ್ಲಿ ಅರ್ಧ ಮನುಷ್ಯರ ಮಾತು, ಅರ್ಧ ಮಾರ್ಕ್‌ಡೌನ್, ಅಂದರೆ ಶೀರ್ಷಿಕೆ, ಪಟ್ಟಿಗಳನ್ನು ಚಿಹ್ನೆಗಳಿಂದ ಬರೆಯುವ ರೀತಿ. ನಡುವೆ ಟ್ಯಾಗ್‌ಗಳು, ಉದಾಹರಣೆ ಕೋಡ್, ಯಾರೋ ಸ್ಪೇಸ್ ಒತ್ತಿ ಒತ್ತಿ ಜೋಡಿಸಿದ ಟೇಬಲ್. ಇದೆಲ್ಲ ಕಲಸಿಹೋದರೂ ಕಂಪೈಲರ್ ಸುಮ್ನೆ ಇರುತ್ತದೆ.

ಟೂಲ್ ಬರೆದವರಿಗೂ ಈ ಭಯ ಇದೆ. ಪೈಥಾನ್‌ನ ಫಾರ್ಮ್ಯಾಟರ್ ಬ್ಲ್ಯಾಕ್, ಡಾಕ್‌ಸ್ಟ್ರಿಂಗ್‌ನ (ಪೈಥಾನ್‌ನಲ್ಲಿ ಡಾಕ್ ಕಾಮೆಂಟ್‌ನ ಜಾಗದಲ್ಲಿ ಬರೆಯುವ ವಿವರಣೆ) ಇಂಡೆಂಟ್ ಸರಿಮಾಡುತ್ತದೆ, ಸಾಲಿನ ಕೊನೆಯ ಖಾಲಿ ಜಾಗ ತೆಗೆಯುತ್ತದೆ, ಆದರೆ ಉದ್ದ ಸಾಲನ್ನು ಮುರಿಯುವುದಿಲ್ಲ. ರಸ್ಟ್ ಭಾಷೆಯ ಫಾರ್ಮ್ಯಾಟರ್‌ನಲ್ಲಿ ಕಾಮೆಂಟ್ ಮಡಿಸುವ, ಅಂದರೆ ಉದ್ದ ಸಾಲನ್ನು ಮುರಿದು ಕೆಳಗಿಳಿಸುವ, ಆಯ್ಕೆ ಇದೆ, ಆದರೆ ನಾವಾಗಿ ಆನ್ ಮಾಡಬೇಕು. ಗೋ ಭಾಷೆಯವರು 2022ರ ಆಗಸ್ಟ್‌ನಲ್ಲಿ ಬಂದ 1.19ರಲ್ಲಿ ಡಾಕ್ ಕಾಮೆಂಟ್‌ಗೆ ಶೀರ್ಷಿಕೆ, ಪಟ್ಟಿ, ಲಿಂಕ್ ಹೇಗೆ ಬರೆಯಬೇಕು ಅಂತ ಮೊದಲು ನಿಯಮ ಮಾಡಿದರು. ಅದೇ ಆವೃತ್ತಿಯಲ್ಲಿ ತಮ್ಮ ಫಾರ್ಮ್ಯಾಟರ್‌ಗೆ ಡಾಕ್ ಕಾಮೆಂಟ್ ಮುಟ್ಟುವ ಅನುಮತಿ ಕೊಟ್ಟರು. ಆಗಲೂ ಸಾಲು ಎಲ್ಲಿ ಮುರಿಯಬೇಕು ಅನ್ನೋದನ್ನು ಬರೆದವರಿಗೇ ಬಿಟ್ಟರು. ನನಗೆ ಈ ಕ್ರಮ ತುಂಬಾ ಹಿಡಿಸಿತು. ಸಿ ಪ್ಲಸ್ ಪ್ಲಸ್‌ಗೆ ಬಳಸುವ ಕ್ಲ್ಯಾಂಗ್ ಫಾರ್ಮ್ಯಾಟ್ ಮಾತ್ರ ಧೈರ್ಯಸ್ಥ, ಕೇಳದೆಯೇ ಉದ್ದ ಕಾಮೆಂಟನ್ನು ಮಡಿಸಿಬಿಡುತ್ತದೆ.

ಮಡಿಸಿದರೆ ಏನಾಗುತ್ತದೆ ಅಂತೀಯಾ? ಒಂದು ಉದ್ದ ವಾಕ್ಯದಲ್ಲಿ 'ಒಟ್ಟು ಮೊತ್ತ - ರಿಯಾಯಿತಿ' ಅಂತ ಇದೆ ಅಂದುಕೋ. ಸಾಲಿನ ಮಿತಿಯಾದ 80ನೇ ಕಾಲಮ್ ಸರಿಯಾಗಿ 'ಮೊತ್ತ' ಆದಮೇಲೆ ಬಂದರೆ ಮುಂದಿನ ಸಾಲು '- ರಿಯಾಯಿತಿ' ಅಂತ ಶುರುವಾಗುತ್ತದೆ. ಮಾರ್ಕ್‌ಡೌನ್‌ಗೆ ಅದು ಪಟ್ಟಿಯ ಒಂದು ಅಂಶ. ಕಳೆಯುವ ಚಿಹ್ನೆ ಹೋಗಿ ಪುಟದಲ್ಲಿ ಒಂದು ಬುಲೆಟ್ ಬಂದು ಕೂರುತ್ತದೆ. ಸಾಲಿನ ಶುರುವಿಗೆ '#' ಬಂದು ಪಕ್ಕದಲ್ಲಿ ಸ್ಪೇಸ್ ಇದ್ದರೆ ಇನ್ನೂ ಚೆಂದ, ಮಾಮೂಲಿ ಮಾತು ದಪ್ಪ ಶೀರ್ಷಿಕೆ ಆಗಿಬಿಡುತ್ತದೆ. ಸೋರ್ಸ್ ಫೈಲ್ ಮಾತ್ರ ನೋಡಲು ಅಚ್ಚುಕಟ್ಟಾಗಿರುತ್ತದೆ. ಅದಕ್ಕೇ ರಿವ್ಯೂ ಮಾಡುವವರಿಗೂ ಗೊತ್ತಾಗುವುದಿಲ್ಲ.

ನಿನ್ನದು ಜಾಸ್ತಿ ಪೈಥಾನ್ ಅಲ್ವಾ? ಹಾಗಾದರೆ ಇನ್ನೊಂದು ವಿಷಯ. ಡಾಕ್‌ಸ್ಟ್ರಿಂಗ್ ನಿಜಕ್ಕೂ ಕಾಮೆಂಟೇ ಅಲ್ಲ, ಸ್ಟ್ರಿಂಗ್. ಪ್ರೋಗ್ರಾಂ ಓಡುವಾಗಲೂ ಕೈಗೆ ಸಿಗುತ್ತದೆ. ಕೆಲವರು ಅದನ್ನೇ ಕಮಾಂಡ್‌ನ ಹೆಲ್ಪ್ ಆಗಿ ತೋರಿಸುತ್ತಾರೆ. ಡಾಕ್‌ಟೆಸ್ಟ್, ಅಂದರೆ ಡಾಕ್‌ಸ್ಟ್ರಿಂಗ್‌ನ ಉದಾಹರಣೆಗಳನ್ನೇ ಓಡಿಸಿ ನೋಡುವ ಪರೀಕ್ಷೆ, ಇದ್ದರಂತೂ ಅಲ್ಲಿ ಬರೆದ ಉತ್ತರವನ್ನು ಅಕ್ಷರ ಬಿಡದೆ ಹೋಲಿಸಿ ನೋಡುತ್ತದೆ. ಉತ್ತರದ ಸಾಲಿನ ಕೊನೆಯಲ್ಲಿ ಒಂದು ಸ್ಪೇಸ್ ಬೇಕಿದ್ದು, ಫಾರ್ಮ್ಯಾಟರ್ ಅದನ್ನು ಕತ್ತರಿಸಿದರೆ ಟೆಸ್ಟ್ ಫೇಲ್.

ಹಾಗಾಗಿ ಡಾಕ್‌ಟೆಸ್ಟ್‌ನ ಅಂಥ ಸಾಲುಗಳನ್ನು ಬಿಟ್ಟು ಇಂಡೆಂಟ್, ಖಾಲಿ ಜಾಗ ಇಂಥದ್ದನ್ನು ಟೂಲ್‌ಗೆ ಧಾರಾಳವಾಗಿ ಕೊಡು. ಸಾಲು ಮಡಿಸುವುದನ್ನು ಆಫ್ ಮಾಡಿಡು. ತಂಡದವರು ಬೇಕೇ ಬೇಕು ಅಂದರೆ, ಟೇಬಲ್, ಅಕ್ಷರಗಳಲ್ಲೇ ಬಿಡಿಸಿದ ಚಿತ್ರ ಇರುವ ಕಡೆ ಫಾರ್ಮ್ಯಾಟರ್ ಮುಟ್ಟದಂತೆ ಗುರುತು ಹಾಕು. ಹಲವು ಟೂಲ್‌ಗಳಲ್ಲಿ ಆ ಸೌಲಭ್ಯ ಇದೆ.

ಪರೀಕ್ಷೆ ಮಾಡುವ ದಾರಿ ಸುಲಭ, ಆದರೂ ಯಾಕೋ ಯಾರೂ ಮಾಡಲ್ಲ. ಫಾರ್ಮ್ಯಾಟ್ ಮಾಡುವ ಮುಂಚೆ ಒಮ್ಮೆ ಡಾಕ್ಯುಮೆಂಟೇಶನ್ ಬಿಲ್ಡ್ ಮಾಡಿ ಎಚ್‌ಟಿಎಂಎಲ್ ಎತ್ತಿಡು. ಆದಮೇಲೆ ಇನ್ನೊಮ್ಮೆ ಬಿಲ್ಡ್ ಮಾಡು. ಎರಡಕ್ಕೂ ಡಿಫ್ ಹಾಕು, ಅಂದರೆ ಎಲ್ಲಿ ವ್ಯತ್ಯಾಸ ಇದೆ ಅಂತ ಹೋಲಿಸು. ಖಾಲಿ ಜಾಗದ ವ್ಯತ್ಯಾಸ ಬಿಟ್ಟು ಬೇರೇನಾದರೂ ಕಂಡರೆ ಒಂದೊಂದನ್ನೂ ಕಣ್ಣಿಟ್ಟು ನೋಡು.

ಈ ಬದಲಾವಣೆಯನ್ನು ಗಿಟ್‌ನಲ್ಲಿ ಬೇರೆಯದೇ ಕಮಿಟ್ (ದಾಖಲಾದ ಒಂದು ಬದಲಾವಣೆ) ಮಾಡು, ಅದರ ಜೊತೆ ಕೋಡ್ ಸೇರಿಸಬೇಡ. 2019ರಲ್ಲಿ ಬಂದ ಗಿಟ್ 2.23ರಿಂದ, ಪ್ರತಿ ಸಾಲನ್ನು ಕೊನೆಯದಾಗಿ ಯಾರು ಬದಲಿಸಿದರು ಅಂತ ತೋರಿಸುವ ಬ್ಲೇಮ್‌ಗೆ ಇಂಥ ಕಮಿಟ್ ಬಿಟ್ಟುಬಿಡು ಅಂತ ಹೇಳಬಹುದು. ಆ ಕಮಿಟ್‌ನ ಹ್ಯಾಶ್ (ಗುರುತಿನ ಸಂಖ್ಯೆ) ಅನ್ನು ಒಂದು ಫೈಲ್‌ನಲ್ಲಿ ಬರೆದಿಡು. ಇಲ್ಲದಿದ್ದರೆ ಮುಂದೆ ಪ್ರತಿ ಕಾಮೆಂಟಿನ ಮೇಲೂ ನಿನ್ನ ಹೆಸರೇ ಕಾಣುತ್ತದೆ, ನೀನು ಬರೆಯದ ಮಾತಿಗೆಲ್ಲ ನಿನ್ನನ್ನೇ ಕೇಳುತ್ತಾರೆ. ಟೂಲ್‌ನ ಆವೃತ್ತಿಯನ್ನೂ ಎಲ್ಲರಿಗೂ ಒಂದೇ ಇರುವ ಹಾಗೆ ಕಟ್ಟಿಹಾಕು.

ಮೊದಲು ಒಂದೇ ಫೋಲ್ಡರ್ ತೆಗೆದುಕೊಂಡು ಮಾಡಿ ನೋಡು. ಆ ಡಿಫ್ ನನಗೂ ಕಳಿಸು, ಭಾನುವಾರ ಕೂತು ನೋಡುತ್ತೇನೆ.

ಇಂತಿ,
ನಿನ್ನ ಚಿಕ್ಕಮ್ಮ