ಮೊದಲು ವಿಳಾಸ, ಆಮೇಲೆ ಉಳಿದದ್ದು

ಆತ್ಮೀಯ ಸದಸ್ಯರೇ,

ಕರ್ನಾಟಕದಿಂದ ಜರ್ಮನಿಗೆ ಕೆಲಸಕ್ಕೆ ಬರುವ ಅನೇಕರು ಪಾಸ್‌ಪೋರ್ಟಿನಲ್ಲಿ ವೀಸಾ ಬಿದ್ದ ದಿನವೇ ಕಾಗದಪತ್ರದ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಅಸಲು ಓಡಾಟ ಇಲ್ಲಿ ಬಂದಿಳಿದ ಮೇಲೆ ಶುರುವಾಗುತ್ತದೆ. ಅದರಲ್ಲಿ ಹೆಚ್ಚಿನದು ಒಂದೇ ಕೆಲಸದ ಮೇಲೆ ನಿಂತಿದೆ: ಆನ್‌ಮೆಲ್ಡುಂಗ್, ಅಂದರೆ ವಾಸದ ವಿಳಾಸದ ನೋಂದಣಿ.

ಮನೆ ಸೇರಿದ ಎರಡು ವಾರದೊಳಗೆ ಬ್ಯೂರ್ಗರ್‌ಆಮ್ಟ್‌ನಲ್ಲಿ, ಅಂದರೆ ಊರಿನ ನಾಗರಿಕ ಸೇವಾ ಕಚೇರಿಯಲ್ಲಿ, ಇದನ್ನು ಮಾಡಿಸಬೇಕು. ಪಾಸ್‌ಪೋರ್ಟ್ ಜೊತೆಗೆ ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್, ಅಂದರೆ ನೀವು ಅಲ್ಲಿ ವಾಸವಿದ್ದೀರಿ ಎಂದು ಮನೆ ಕೊಟ್ಟವರು ಸಹಿ ಹಾಕಿದ ದೃಢೀಕರಣ ಪತ್ರ, ಬೇಕು. ಬಾಡಿಗೆ ಕರಾರು ಅದರ ಬದಲಿಗೆ ನಡೆಯುವುದಿಲ್ಲ. ಎಷ್ಟೋ ತಾತ್ಕಾಲಿಕ ಮನೆಗಳವರು ಈ ಕಾಗದ ಕೊಡುವುದಿಲ್ಲ. ಹಾಗಾಗಿ ಊರಿನಿಂದಲೇ ಬುಕ್ ಮಾಡುವಾಗ ಬಾಡಿಗೆ ಎಷ್ಟು ಎನ್ನುವುದಕ್ಕೂ ಮೊದಲು ಕೇಳಿ: ಇಲ್ಲಿ ನೋಂದಣಿಗೆ ಕಾಗದ ಸಿಗುತ್ತದೆಯೇ? ದೊಡ್ಡ ಊರುಗಳಲ್ಲಿ ಅಪಾಯಿಂಟ್‌ಮೆಂಟ್ ವಾರಗಟ್ಟಲೆ ಮುಂದೆ ಸಿಗುವುದುಂಟು. ವಿಮಾನದ ಟಿಕೆಟ್ ಆದ ಕೂಡಲೇ ದಿನ ಹಿಡಿದುಕೊಳ್ಳಿ, ಬುಕಿಂಗ್ ಪ್ರತಿಯನ್ನು ಇಟ್ಟುಕೊಳ್ಳಿ.

ನೋಂದಣಿಯಾದ ಮೇಲೆ 11 ಅಂಕಿಯ ತೆರಿಗೆ ಸಂಖ್ಯೆ, ಷ್ಟೊಯರ್ ಐಡಿ, ಅಂಚೆಯಲ್ಲಿ ಬರುತ್ತದೆ. ಇಲ್ಲಿ ಎಡವುವವರೇ ಹೆಚ್ಚು. ಅಂಚೆಯವರು ನೋಡುವುದು ಫ್ಲಾಟ್ ನಂಬರನ್ನಲ್ಲ, ಅಂಚೆಪೆಟ್ಟಿಗೆಯ ಮೇಲಿರುವ ಹೆಸರನ್ನು. ಹೆಸರಿಲ್ಲದಿದ್ದರೆ ಪತ್ರ ವಾಪಸ್. ಬೀಗದ ಕೈ ಸಿಕ್ಕ ದಿನವೇ ಪೆಟ್ಟಿಗೆಗೂ ಕರೆಗಂಟೆಗೂ ಹೆಸರಿನ ಚೀಟಿ ಅಂಟಿಸಿ, ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ. ಬೇರೆಯವರ ಮನೆಯಲ್ಲಿ ಇದ್ದರೆ ಅವರ ಹೆಸರಿನ ಕೆಳಗೆ ನಿಮ್ಮದೂ ಇರಲಿ. ಸಂಖ್ಯೆ ಬಾರದೇ ಹೋದರೆ ಕೊನೆಗೆ ಸಂಬಳ ಆರನೇ ತೆರಿಗೆ ವರ್ಗಕ್ಕೆ ಬೀಳುತ್ತದೆ, ಕಡಿತ ಅದರಲ್ಲೇ ಅತಿ ಹೆಚ್ಚು. ನೋಂದಣಿ ಫಾರಂನ ಧರ್ಮದ ಕಾಲಂ ಸುಮ್ಮನೆ ತುಂಬುವುದಲ್ಲ. ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟೆಂಟ್ ಎಂದು ದಾಖಲಾದವರಿಗೆ ಆದಾಯ ತೆರಿಗೆಯ ಮೇಲೆ ಬವೇರಿಯಾ, ಬಾಡೆನ್-ವ್ಯುರ್ಟೆಂಬರ್ಗ್‌ನಲ್ಲಿ 8%, ಉಳಿದೆಡೆ 9% ಚರ್ಚ್ ತೆರಿಗೆ ಸೇರುತ್ತದೆ. ಬೇರೆಯವರು ತಪ್ಪು ನಮೂದಾಗಿಲ್ಲ ಎಂದು ಕೈಗೆ ಬಂದ ಪ್ರತಿಯಲ್ಲಿ ಅಲ್ಲೇ ನೋಡಿಕೊಳ್ಳಿ.

ಒಂದು ಮಾತನ್ನು ಹಳಬರಿಗೂ ಹೇಳಬೇಕಿದೆ. ಹೊಸದಾಗಿ ಬಂದವರಿಗೆ ಉಪಕಾರವಾಗಲಿ ಎಂದು, ಅವರು ವಾಸವೇ ಇಲ್ಲದ ನಮ್ಮ ವಿಳಾಸವನ್ನು ನೋಂದಣಿಗೆ ಕೊಡುವುದು ಅಪರಾಧ. ದಂಡ 50,000 ಯೂರೋವರೆಗೆ ಹೋಗಬಹುದು. ನಿಜವಾಗಿ ಮನೆಯಲ್ಲಿ ಇರಿಸಿಕೊಳ್ಳುವುದಾದರೆ ಮನೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ಮೂಲ ಬಾಡಿಗೆದಾರರಾಗಿ ನೀವೇ ನೋಂದಣಿಯ ದೃಢೀಕರಣ ಪತ್ರಕ್ಕೆ ಸಹಿ ಹಾಕಬಹುದು. ಸಹಾಯ ಮಾಡುವುದಾದರೆ ಹೀಗೆ ಮಾಡೋಣ.

ಬಾಡಿಗೆ ಠೇವಣಿ, ಇಲ್ಲಿಯ ಕೌತ್ಸಿಯೋನ್, ಮೂರು ತಿಂಗಳ ಕಾಲ್ಟ್‌ಮೀಟೆಯನ್ನು ಮೀರುವಂತಿಲ್ಲ. ಕಾಲ್ಟ್‌ಮೀಟೆ ಎಂದರೆ ಹೀಟಿಂಗ್, ನೀರು, ಕಸದ ಖರ್ಚು ಸೇರದ ಬರೀ ಬಾಡಿಗೆ. ಮೂರು ಸಮ ಕಂತುಗಳಲ್ಲಿ ಕಟ್ಟುವ ಹಕ್ಕು ಕಾನೂನಿನಲ್ಲೇ ಇದೆ. ಮೊದಲ ಕಂತು ಬಾಡಿಗೆ ಶುರುವಾಗುವಾಗ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇದು ಸಣ್ಣ ಮೊತ್ತ ಅನಿಸಿ, ಮನೆ ನೋಡುವ ಮೊದಲೇ ಕಳಿಸಿಬಿಡುತ್ತಾರೆ. ಮಾಲೀಕರು ವಿದೇಶದಲ್ಲಿದ್ದಾರೆ, ದುಡ್ಡು ಹಾಕಿದರೆ ಕೀಲಿ ಅಂಚೆಯಲ್ಲಿ ಬರುತ್ತದೆ ಎಂದರೆ ಅದು ಮೋಸ, ಅನುಮಾನವೇ ಬೇಡ. ಮನೆ ವಹಿಸಿಕೊಳ್ಳುವ ದಿನ ಮೀಟರ್ ರೀಡಿಂಗ್, ಕೀಲಿಗಳ ಸಂಖ್ಯೆ, ಗೋಡೆಯ ಕಲೆ, ನೆಲದ ಗೀರು ಎಲ್ಲವನ್ನೂ ಬರೆದು ಇಬ್ಬರೂ ಸಹಿ ಹಾಕಿ. ಠೇವಣಿ ವಾಪಸಾಗುವಾಗ ನಿಮ್ಮ ಪರವಾಗಿ ನಿಲ್ಲುವುದು ಆ ಹಾಳೆಯೇ.

ನಮ್ಮವರ ಹೆಸರಿನದು ಬೇರೆಯೇ ತೊಡಕು. ಶಾಲೆಯ ದಾಖಲೆಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ಣ ಹೆಸರು, ಮದುವೆ ಪತ್ರದಲ್ಲಿ ಊರಿನ ಹೆಸರು. ಇಲ್ಲಿಯ ಅಧಿಕಾರಿಗೆ ಅವರು ಮೂವರು ಬೇರೆ ಬೇರೆ ಜನ. ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ಮದುವೆ ನೋಂದಾಯಿಸುವಾಗಲೇ ಇಬ್ಬರ ಹೆಸರನ್ನೂ ಪಾಸ್‌ಪೋರ್ಟಿನಂತೆ ಬರೆಸಿ. ಮಗುವಿನ ಹೆಸರಿಲ್ಲದ ಹಳೆಯ ಜನನ ಪತ್ರವಿದ್ದರೆ ಹೆಸರು ಸೇರಿಸಿಯೇ ಹೊರಡಿ. ಹೆಂಡತಿ ಅಥವಾ ಗಂಡ ಊರಲ್ಲೇ ಇರುವವರೆಗೆ ನಿಮ್ಮದು ಒಂದನೇ ತೆರಿಗೆ ವರ್ಗ, ಅಂದರೆ ಒಂಟಿಯಾಗಿರುವವರ ವರ್ಗ. ಅವರು ವರ್ಷದ ಕೊನೆಯಲ್ಲಿ, ಡಿಸೆಂಬರಿನಲ್ಲೇ ಬಂದು ನೆಲೆಸಿದರೂ ಆ ಇಡೀ ವರ್ಷಕ್ಕೆ ಜಂಟಿ ತೆರಿಗೆ ವಿವರ ಸಲ್ಲಿಸಬಹುದು. ಕಟ್ಟಿದ ತೆರಿಗೆಯಲ್ಲಿ ದೊಡ್ಡ ಪಾಲು ಹಿಂದಿರುಗಬಹುದಾದ ಈ ಅವಕಾಶವನ್ನು ಗೊತ್ತಿಲ್ಲದೇ ಬಿಡಬೇಡಿ.

ವೀಸಾ ಮುಗಿಯುವ ಮೊದಲೇ ಔಸ್‌ಲೆಂಡರ್‌ಬೆಹೋರ್ಡೆಗೆ, ಅಂದರೆ ವಿದೇಶಿಯರ ಕಚೇರಿಗೆ, ವಾಸದ ಪರವಾನಗಿಯ ಅರ್ಜಿ ಹೋಗಿರಬೇಕು. ಒಂದು ದಿನ ದಾಟಿದರೂ ತೊಂದರೆ. ಪರವಾನಗಿಯ ಕಾರ್ಡ್ ಬರುವವರೆಗೆ ಸಿಗುವ ತಾತ್ಕಾಲಿಕ ಪತ್ರದಲ್ಲಿ ವಾಸದ ಕಾನೂನಿನ ಕಲಂ 81(4) ಎಂದು ಗುರುತಾಗಿದ್ದರೆ ಊರಿಗೆ ಹೋಗಿ ಬರಬಹುದು, 81(3) ಆದರೆ ಅದನ್ನು ನಂಬಿ ಹೊರಡಬೇಡಿ. ಪಾಸ್‌ಪೋರ್ಟಿನ ಅವಧಿಗಿಂತ ಮುಂದಕ್ಕೆ ಪರವಾನಗಿ ಸಿಗುವುದಿಲ್ಲವಾದ್ದರಿಂದ ಹಳೆಯ ಪಾಸ್‌ಪೋರ್ಟನ್ನು ಊರಲ್ಲೇ ನವೀಕರಿಸುವುದು ಲೇಸು.

ಭಾರತದ ತೆರಿಗೆ ಲೆಕ್ಕವೂ ಇದೆ. ಕೆಲಸಕ್ಕೆಂದು ಹೊರಟವರು ಆ ಹಣಕಾಸು ವರ್ಷದಲ್ಲಿ 182 ದಿನಕ್ಕಿಂತ ಕಡಿಮೆ ಅಲ್ಲಿದ್ದರೆ ಅನಿವಾಸಿ. ಏಪ್ರಿಲ್ 1ರಿಂದ ಎಣಿಸಿದರೆ 182ನೇ ದಿನ ಸೆಪ್ಟೆಂಬರ್ 29. ಹೊರಡುವ ದಿನಾಂಕ ಅದರ ಆಸುಪಾಸಿನಲ್ಲಿದ್ದರೆ ಕ್ಯಾಲೆಂಡರ್ ನೋಡಿ ಟಿಕೆಟ್ ಮಾಡಿ. ಅಲ್ಲಿಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ರೂಪಾಯಿ ಖಾತೆ, ಆಗಿ ಬದಲಿಸಿ. ಎಫ್‌ಡಿ, ಪಿಪಿಎಫ್ ಬಡ್ಡಿಯನ್ನು ಜರ್ಮನಿಯ ತೆರಿಗೆ ವಿವರದಲ್ಲಿ ತೋರಿಸಬೇಕು. ಪಿಪಿಎಫ್‌ಗೆ ಭಾರತದಲ್ಲಿರುವ ವಿನಾಯಿತಿ ಇಲ್ಲಿಲ್ಲ, ಮತ್ತು ಎರಡೂ ದೇಶಗಳು ಖಾತೆಗಳ ಮಾಹಿತಿಯನ್ನು ತಾವಾಗಿಯೇ ಹಂಚಿಕೊಳ್ಳುತ್ತವೆ. ಊರಿನ ಮನೆಯನ್ನು ಬಾಡಿಗೆಗೆ ಕೊಟ್ಟು ಬಂದಿದ್ದರೆ, ಬಾಡಿಗೆದಾರರು 30% ಮತ್ತು ಸೆಸ್ ಸೇರಿ 31.2% ಟಿಡಿಎಸ್ ಕಡಿದು ಉಳಿದದ್ದನ್ನು ನಿಮಗೆ ಕೊಡಬೇಕು. ನೀವು ಅನಿವಾಸಿ ಎಂದು ಅವರಿಗೆ ಹೊರಡುವ ಮೊದಲೇ ಬರಹದಲ್ಲಿ ತಿಳಿಸಿ. ಹೆಚ್ಚು ಕಡಿತವಾದದ್ದನ್ನು ಅಲ್ಲಿ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು.

– ಸಂಪಾದಕ ಮಂಡಳಿ